ದೀಪದ ಬೀದಿಯಲ್ಲಿ ಮಗುವಿನ ಪ್ರಶ್ನೆ

ನವರಾತ್ರಿ ಬಂದಿತೆಂದರೆ ಮೈಸೂರಿನ ಗೃಹಿಣಿಯರು ಸಂಜೆಯ ಅಡಿಗೆಯನ್ನು ಬೇಗನೆ ಮುಗಿಸುತ್ತಾರೆ. ದೀಪ ನೋಡಲು ಹೊರಡಬೇಕಲ್ಲ! ಹಿನಕಲ್ಲಿನವರಿಗಂತೂ ಹುಣಸೂರು ರಸ್ತೆ ಹಿಡಿದು ಪೇಟೆ ಸೇರುವುದೇ ಒಂದು ಪ್ರಯಾಣ. ಅಜ್ಜಿಯ ಶಾಲು, ಮಗುವಿನ ನೀರು, ಮನೆಯ ಬೀಗ ಎಲ್ಲವನ್ನೂ ನೆನಪಿಟ್ಟು ಸಂಸಾರ ಹೊರಡುತ್ತದೆ.

ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಕಿನ ಚಪ್ಪರ. ವೃತ್ತಗಳಲ್ಲಿ ಬಣ್ಣದ ದೀಪಗಳಿಂದ ಬಿಡಿಸಿದ ಆಕೃತಿಗಳು. “ಇದೆಲ್ಲ ಹೇಗೆ ಉರಿಯುತ್ತದಪ್ಪಾ?” ಎಂದು ಮಗು ಕೇಳುತ್ತದೆ. “ಸುಮ್ಮನೆ ನೋಡು, ಕೈ ಬಿಡಬೇಡ” ಎಂದು ತಂದೆ ಹೇಳುತ್ತಾನೆ. ಜನಸಂದಣಿಯಲ್ಲಿ ಕೈ ಹಿಡಿಯುವುದು ಅವಶ್ಯವೇ ಸರಿ. ಬಾಯಿ ಮುಚ್ಚಿಸುವುದು ಅವಶ್ಯವಲ್ಲ. ಪಾಠದ ಪುಸ್ತಕ ಹೇಳಿಕೊಡಲಾರದ ವಿಜ್ಞಾನ ಆ ರಾತ್ರಿ ಬೀದಿಯಲ್ಲೇ ಹರಡಿರುತ್ತದೆ. ಅದನ್ನು ಕೇಳಿದ ಮಗುವಿಗೆ ಉತ್ತರ ದೊರೆಯದಿದ್ದರೆ, ಮುಂದಿನ ವರ್ಷ ಅದು ಕೇಳುವುದನ್ನೇ ಬಿಟ್ಟೀತು.

ಓಡುವ ದೀಪಗಳನ್ನೇ ನೋಡಿ. ನವಿಲು ಗರಿ ಬಿಚ್ಚುತ್ತದೆ, ಚಕ್ರ ತಿರುಗುತ್ತದೆ. ನಿಜವಾಗಿ ಒಂದು ದೀಪವೂ ಕದಲಿರುವುದಿಲ್ಲ. ಒಂದು ಆರಿದೊಡನೆ ಪಕ್ಕದ್ದು ಹೊತ್ತಿಕೊಳ್ಳುತ್ತದೆ. ಅವೆರಡನ್ನೂ ಬೆಸೆದು ಚಲನೆ ಎಂದು ಭಾವಿಸುವುದು ನಮ್ಮ ಕಣ್ಣು ಮತ್ತು ಮಿದುಳು. ನಿಂತ ಚಿತ್ರಗಳು ಸಿನಿಮಾದಲ್ಲಿ ನಡೆದಾಡುವುದೂ ಹೀಗೆಯೇ. ದೃಷ್ಟಿಯ ಈ ದೌರ್ಬಲ್ಯವೇ ಕಲೆಗಾರನ ಬಂಡವಾಳ.

ಇನ್ನು ಅರಮನೆ. ಅಲ್ಲಿದ್ದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನನ ಯೋಜನೆಯಂತೆ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಬೆಂಕಿ ನುಂಗಿದ ತಾಣದಲ್ಲೇ ಇಂದು ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುತ್ತವೆ. ಒಂದೊಂದು 15 ವ್ಯಾಟಿನದೆಂದು ಇಟ್ಟುಕೊಂಡರೆ ಗಂಟೆಗೆ 1,500 ಯುನಿಟ್ ವಿದ್ಯುತ್ತು ಬೇಕು. ತಿಂಗಳಿಗೆ ನೂರು ಯುನಿಟ್ ಬಳಸುವ ಮನೆಗೆ ಅದು ಹದಿನೈದು ತಿಂಗಳಿಗೆ ಸಾಕು! ಈ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿದರೆ ಗುಣಾಕಾರಕ್ಕೂ ಹಬ್ಬದ ಕಳೆ ಬಂದೀತು.

ಈ ಬೆಳಕಿನ ಕಥೆಯ ಮೊದಲ ಅಧ್ಯಾಯ ಕಾವೇರಿಯದು. ಶಿವನಸಮುದ್ರದಲ್ಲಿ ಧುಮುಕುವ ನೀರಿನಿಂದ 1902ರಲ್ಲಿ ವಿದ್ಯುತ್ತನ್ನು ಪಡೆದು, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ಆ ಬೆಳಕು ತಲುಪಿತು. ಬೇಸಗೆಯಲ್ಲಿ ನದಿ ಬಡವಾದರೂ ಯಂತ್ರಗಳು ನಿಲ್ಲದಂತೆ ನೀರನ್ನು ಕೂಡಿಡುವುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಇಂದು ವಿದ್ಯುತ್ತು ಹಲವು ಮೂಲಗಳಿಂದ ಬಂದು ತಂತಿಯಲ್ಲಿ ಬೆರೆಯುತ್ತದೆ, ನಿಜ. ಆದರೂ ಮನೆಯಲ್ಲಿ ಕುಡಿಯುವ ಕಾವೇರಿಯೇ ಬೀದಿಯಲ್ಲಿ ದೀಪವಾದ ಕಥೆ ಮಕ್ಕಳಿಗೆ ತಿಳಿದಿರಬೇಡವೇ?

ಹಳೆಯ ಬಗೆಯ ಬಲ್ಬಿನಲ್ಲಿ ಸಣ್ಣ ತಂತಿ ಎರಡು ಸಾವಿರ ಡಿಗ್ರಿಗೂ ಮೀರಿ ಕಾದು ಹೊಳೆಯುತ್ತದೆ. ಪಡೆದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಚೆಲ್ಲುತ್ತದೆ. ಬೀದಿಗಳಲ್ಲಿ ಈಗ ಕಾಣುವ ಎಲ್.ಇ.ಡಿ. ದೀಪ ಹಾಗೆ ಕಾಯದೆಯೇ ಬೆಳಗುವುದರಿಂದ ಖರ್ಚು ಬಹಳ ಕಡಿಮೆ. ಆದರೂ ಅರಮನೆಯ ಹೊಂಬಣ್ಣಕ್ಕೆ ಮನಸೋಲದವರಾರು? ಮಿತವ್ಯಯಕ್ಕೂ ಸೌಂದರ್ಯಕ್ಕೂ ನಡೆಯುವ ಈ ಜಗಳ ಪ್ರತಿ ಸಂಸಾರಕ್ಕೂ ಪರಿಚಿತವೇ!

ದಸರೆಯ ವಸ್ತುಪ್ರದರ್ಶನವನ್ನು ಚಾಮರಾಜೇಂದ್ರ ಒಡೆಯರು 1880ರಲ್ಲಿ ಆರಂಭಿಸಿದರು. ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂಬುದನ್ನು ಉತ್ಸವಕ್ಕೆ ಬಂದವರು ಕಂಡು ತಿಳಿಯಲೆಂಬುದು ಅದರ ಆಶಯ. ಇಂದು ಅಲ್ಲಿಗೆ ಹೋದವರ ಹೆಜ್ಜೆ ನೇರವಾಗಿ ಹಪ್ಪಳ, ಚುರುಮುರಿಯ ಕಡೆಗೆ ನಡೆಯುತ್ತದೆ. ಚುರುಮುರಿ ಬೇಡವೆನ್ನುವಷ್ಟು ನಿಷ್ಠುರರಾಗಬೇಕಾಗಿಲ್ಲ. ಅದಕ್ಕೆ ಮೊದಲು ಒಂದೆರಡು ಮಳಿಗೆಗಳ ಮುಂದೆ ನಿಂತು ನೋಡಿದರೆ ಸಾಕು.

ತಾಯಿತಂದೆಗಳು ಸರ್ವಜ್ಞರಾಗಬೇಕೆಂದು ಯಾವ ಮಗುವೂ ಬಯಸದು. “ನನಗೂ ತಿಳಿಯದು, ನಾಳೆ ಇಬ್ಬರೂ ಹುಡುಕೋಣ” ಎಂಬ ಮಾತೇ ಅದಕ್ಕೆ ದೊಡ್ಡ ಉಡುಗೊರೆ. ಆದರೆ ಆ ನಾಳೆಯನ್ನು ಮರೆಯಬಾರದು. ಬೆಳಗ್ಗೆ ಎದ್ದು ಮನೆಯ ವಿದ್ಯುತ್ ಮೀಟರಿನ ಮುಂದೆ ಮಗುವನ್ನು ನಿಲ್ಲಿಸಿ, ಮನೆಯ ದೀಪಗಳನ್ನು ಎಣಿಸಲು ಹೇಳಿದರಾಯಿತು. ಅಂದು ಸಂಜೆ ಬರಿದಾದ ಕೋಣೆಯಲ್ಲಿ ಉರಿಯುವ ದೀಪವನ್ನು ಯಾರೂ ಹೇಳದೆ ಅದೇ ಆರಿಸೀತು.