ಕಾಯುವ ಕಣ್ಣು

ಛಾಯಾಚಿತ್ರ ತೆಗೆಯುವುದೆಂದರೆ ಗುಂಡಿಯೊತ್ತುವುದೆಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಗುಂಡಿಯೊತ್ತಲು ಕ್ಷಣ ಸಾಕು. ಅದಕ್ಕೆ ಮುಂಚಿನ ಕಾಯುವಿಕೆಯೇ ಆ ಹವ್ಯಾಸದ ಮುಕ್ಕಾಲು ಪಾಲು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಈ ಕಾಯುವಿಕೆಗೆ ಹಳೆಯ ಚರಿತ್ರೆಯೇ ಉಂಟು.

ಮದರಾಸು ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ ಎಂಬಾತ 1854ರಲ್ಲಿ ಇಂಗ್ಲೆಂಡಿನಿಂದ ಬೆಂಗಳೂರಿಗೆ ಹಿಂದಿರುಗಿದ. ಅದೇ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳಿಗೆ ಹೋಗಿ ಹೊಯ್ಸಳರ ದೇಗುಲಗಳನ್ನು ಚಿತ್ರಿಸಿದ. ಮರುವರ್ಷ ಬರ್ಮಾ ದೇಶಕ್ಕೆ ಹೋಗಿಬಂದು, ಅಲ್ಲಿನ 120 ನೋಟಗಳ 50 ಪ್ರತಿಗಳನ್ನು ಬೆಂಗಳೂರಿನಲ್ಲಿಯೇ ಸಿದ್ಧಪಡಿಸಿದ. ಮೇಣ ಹತ್ತಿಸಿದ ಕಾಗದವೇ ಆತನ ನೆಗೆಟಿವ್. ಅದರ ಮೇಲೆ ರೂಪ ಮೂಡಲು ನಿಮಿಷಗಳೇ ಹಿಡಿಯುತ್ತಿದ್ದವು. ಆಕಾಶವು ಬರಿದೇ ಬೆಳ್ಳಗೆ ಬರುತ್ತಿದ್ದುದರಿಂದ ಆತನು ನೆಗೆಟಿವಿನ ಮೇಲೆ ಕುಂಚದಿಂದ ಮೋಡಗಳನ್ನು ತೀಡುತ್ತಿದ್ದುದೂ ಉಂಟು. ಅಷ್ಟು ಹೊತ್ತು ಅಲುಗದೆ ನಿಲ್ಲಲು ಕಲ್ಲಿಗೆ ಸಾಧ್ಯ, ಮನುಷ್ಯನಿಗೆ ಕಷ್ಟ. ಎದುರಿನಲ್ಲಿ ನಡೆದುಹೋದವರು ಕಾಗದದ ಮೇಲೆ ಗುರುತಿಲ್ಲದಂತೆ ಕರಗಿಹೋಗುತ್ತಿದ್ದರು. ದೇಗುಲ ಉಳಿಯಿತು, ಅದರ ಮುಂದೆ ಓಡಾಡಿದ ಜನ ಉಳಿಯಲಿಲ್ಲ.

ಅಂಥ ಸಾಮಾನ್ಯ ಜನರನ್ನು ಚಿತ್ರದ ನಡುವಿಗೆ ಕರೆತರಲು ಜೀವಮಾನವನ್ನೇ ಸವೆಸಿದವರು ಮೈಸೂರಿನ ಟಿ. ಎಸ್. ಸತ್ಯನ್. 1923ರಲ್ಲಿ ಜನಿಸಿದ ಅವರು, 1948ರಲ್ಲಿ ಆಗತಾನೆ ಆರಂಭವಾಗಿದ್ದ ಡೆಕ್ಕನ್ ಹೆರಾಲ್ಡ್ ಪತ್ರಿಕೆಗೆ ಛಾಯಾಗ್ರಾಹಕರಾಗಿ ಸೇರಿದರು. ದಂಡಿನ ಸೌತ್ ಪೆರೇಡಿಗೆ ಮಹಾತ್ಮ ಗಾಂಧಿ ರಸ್ತೆಯೆಂಬ ಹೆಸರು ಬಂದುದೂ ಅದೇ ವರ್ಷ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಗೂ ಯುನಿಸೆಫ್‌ಗೂ ಚಿತ್ರಗಳನ್ನು ತೆಗೆದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ಅವರು ತೀರಿಕೊಂಡರು. ಮಗುವಿನ ಚಿತ್ರ ತೆಗೆಯುವವನು ಬೆಳಕಿಗಾಗಿ ಕಾದರೆ ಸಾಲದು. ಮಗು ತನ್ನನ್ನು ಮರೆತು ಮತ್ತೆ ಆಟಕ್ಕೆ ತೊಡಗುವವರೆಗೂ ಕಾಯಬೇಕು.

ಆಟದ ಬಯಲಿನಲ್ಲಿ ಕಾಯುವ ಬಗೆಯೇ ಬೇರೆ. ಹಲಸೂರಿನ ಸುತ್ತಿನ ಬಡಾವಣೆಗಳಿಗೆ ಫುಟ್‌ಬಾಲೆಂದರೆ ಪ್ರಾಣ. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ! 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿದ ನಮ್ಮ ತಂಡಕ್ಕೆ, ಫ್ರಾನ್ಸಿನ ವಿರುದ್ಧ ಗೋಲು ತಂದಿತ್ತವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂಥ ಗಳಿಗೆಯನ್ನು ಹಿಡಿಯಬೇಕಾದವನು ಗೋಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿರಬೇಕು. ಸೆಕೆಂಡಿನ 500ನೆಯ ಒಂದು ಭಾಗದಷ್ಟು ಮಾತ್ರ ಕ್ಯಾಮರಾ ಕಣ್ಣು ತೆರೆಯುತ್ತದೆ. ಒದೆತವನ್ನು ಕಣ್ಣಾರೆ ಕಂಡ ಮೇಲೆ ಬೆರಳಾಡಿಸಿದರೆ ಚೆಂಡು ಬಲೆಯೊಳಗೆ ಬಿದ್ದಿರುತ್ತದೆ. ಆಟಗಾರನ ಹೆಗಲು ಯಾವ ಕಡೆಗೆ ಬಾಗೀತೆಂದು ಮೊದಲೇ ಊಹಿಸಬಲ್ಲವನಿಗೆ ಮಾತ್ರ ಆ ಚಿತ್ರ ಒಲಿಯುತ್ತದೆ. ಆಟವನ್ನು ಪ್ರೀತಿಸದವನಿಗೆ ಈ ಊಹೆ ಎಲ್ಲಿಂದ ಬಂದೀತು?

ಇಂದು ಎಲ್ಲರ ಜೇಬಿನಲ್ಲಿಯೂ ಕ್ಯಾಮರಾ ಇದೆ. ಕಾಯುವ ಅಭ್ಯಾಸ ಮಾತ್ರ ಕಡಿಮೆಯಾಗಿದೆ. ಮನೆಯ ಚಿತ್ರಗಳನ್ನು ಒಮ್ಮೆ ತೆರೆದು ನೋಡಿ. ಕೇಕು ಇದೆ, ಕಾರು ಇದೆ, ನಂದಿಬೆಟ್ಟದ ಸೂರ್ಯೋದಯವೂ ಇದೆ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಂಡ ತಾಯಿ ಎಷ್ಟು ಚಿತ್ರಗಳಲ್ಲಿದ್ದಾರೆ? ದಿನವೂ ಬಾಗಿಲಿಗೆ ಹೂವು ತರುವಾಕೆ ಒಂದರಲ್ಲಾದರೂ ಇದ್ದಾಳೆಯೇ? ಮುಂದಿನ ಹಬ್ಬದಲ್ಲಿ ಗುಂಡಿಯೊತ್ತುವ ಮುನ್ನ ತುಸು ತಡೆದು, ಯಾರು ಚೌಕಟ್ಟಿನ ಹೊರಗೆ ಉಳಿದರೆಂದು ನೋಡಿ, ಅವರನ್ನು ಕರೆಯಿರಿ. ಜನರನ್ನು ಕಳೆದುಕೊಳ್ಳಲು ಟ್ರೈಪನಿಗೆ ಕಾಗದದ ನೆಪವಿತ್ತು. ನಮಗೆ ಆ ನೆಪವೂ ಇಲ್ಲ.