ಎರಡನೇ ಸೆಮಿಸ್ಟರ್‌ನ ಕಲನಶಾಸ್ತ್ರ: ಕುಲಪತಿಗಳಿಗೆ ಬಹಿರಂಗ ಪತ್ರ

ಕುವೆಂಪು ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ,

ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಬಿ.ಎಸ್ಸಿ. ಓದುವ ಮಕ್ಕಳ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ಎರಡನೇ ಸೆಮಿಸ್ಟರ್‌ನಲ್ಲಿ ಸಿದ್ಧಾಂತ ಮತ್ತು ಅನ್ವಯ ಎರಡನ್ನೂ ಬೆಸೆದ ಕಲನಶಾಸ್ತ್ರದ ಪತ್ರಿಕೆಯೊಂದನ್ನು ಆಯ್ದುಕೊಳ್ಳುವ ಅವಕಾಶ ಅವರಿಗೆ ಸಿಗಬೇಕು.

ಪದವಿ ತರಗತಿಗಳಲ್ಲಿ ಪ್ರಮೇಯಗಳನ್ನು ಬಾಯಿಪಾಠ ಮಾಡುವವರೇ ಹೆಚ್ಚು. ಹಳೆಯ ಪ್ರಶ್ನೆಪತ್ರಿಕೆಯ ಲೆಕ್ಕಗಳನ್ನು ತಿದ್ದಿಕೊಂಡರೆ ಅಂಕಗಳೂ ಬರುತ್ತವೆ. ಅನುಕಲನ ಯಾಕೆ ಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಉತ್ತರ ಅವರ ಊರಿನಲ್ಲೇ ಇದೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ಅದರ ನೀರಿನ ಮಟ್ಟ, ಒಳಹರಿವು ಪತ್ರಿಕೆಯಲ್ಲಿ ದಿನವೂ ಬರುತ್ತವೆ. ಇಡೀ ದಿನ 11,574 ಕ್ಯೂಸೆಕ್‌ನಂತೆ ನೀರು ಬಂದರೆ ಒಂದು ಟಿಎಂಸಿ ಆಗುತ್ತದೆ; ಇಷ್ಟಕ್ಕೆ ಗುಣಾಕಾರ ಸಾಕು. ಆದರೆ ಒಳಹರಿವು ಗಂಟೆಗಂಟೆಗೂ ಏರಿಳಿಯುತ್ತದೆ. ಆಗ ಬೇಕಾಗುವುದು ಅನುಕಲನ. ಪ್ರತಿ ಮಟ್ಟದಲ್ಲಿ ನೀರು ಹರಡಿದ ವಿಸ್ತೀರ್ಣ ಗೊತ್ತಿದ್ದರೆ ಒಟ್ಟು ಸಂಗ್ರಹವನ್ನು ಕಂಡುಹಿಡಿಯುವುದೂ ಅದರಿಂದಲೇ.

ಇನ್ನು ಸಿದ್ಧಾಂತ. ಹತ್ತಾರು ಅಳತೆಗಳನ್ನಷ್ಟೇ ಹಿಡಿದು ಟ್ರೆಪಿಜಾಯ್ಡಲ್ ನಿಯಮದಿಂದ ಲೆಕ್ಕ ಹಾಕಿದರೆ ತಪ್ಪು ಎಷ್ಟಿರಬಹುದು? ಎರಡನೇ ಅವಕಲನಕ್ಕೆ ಒಂದು ಗರಿಷ್ಠ ಮಿತಿ ಸಿಕ್ಕಿದರೆ ಪ್ರಮೇಯ ಅದಕ್ಕೆ ಉತ್ತರ ಕೊಡುತ್ತದೆ: ಅಳತೆಗಳ ನಡುವಿನ ಅಂತರವನ್ನು ಅರ್ಧ ಮಾಡಿದರೆ ತಪ್ಪಿನ ಮಿತಿ ಕಾಲು ಭಾಗಕ್ಕೆ ಇಳಿಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಮಳೆ ಒಮ್ಮೆಲೇ ಧೋ ಎಂದು ಸುರಿದು ಥಟ್ಟನೆ ನಿಂತಾಗ ಆ ಮಿತಿಯನ್ನು ನಂಬಬಹುದೇ? ಈ ಪ್ರಶ್ನೆ ಕೇಳಲು ಪ್ರಮೇಯದ ಷರತ್ತುಗಳು ಅರ್ಥವಾಗಿರಬೇಕು. ಸಾಧನೆಯನ್ನು ಓದುವುದು ಅದಕ್ಕಾಗಿಯೇ. ಅನ್ವಯದ ಹೆಸರಿನಲ್ಲಿ ಸಾಧನೆಗಳನ್ನು ಕೈಬಿಡಿ ಎಂದು ನಾನು ಕೇಳುತ್ತಿಲ್ಲ, ಹಾಗೆ ಮಾಡಿದರೆ ಮಕ್ಕಳಿಗೆ ನಷ್ಟ.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಲ್ಲಿ ಮೂರು ವರ್ಷದ ಪದವಿ ಮರಳಿತು. ನೀತಿ ಯಾವುದೇ ಇರಲಿ, ಸಣ್ಣ ಊರಿನ ಕಾಲೇಜಿನಲ್ಲಿ ಆಯ್ಕೆ ಎಂಬುದು ಇರುವ ಮೇಷ್ಟರನ್ನೂ ವೇಳಾಪಟ್ಟಿಯನ್ನೂ ಅವಲಂಬಿಸಿದೆ. ನಾಲ್ಕೈದು ಮಕ್ಕಳು ಕೇಳಿದರೆಂದು ಯಾವ ಕಾಲೇಜೂ ಹೊಸ ತರಗತಿ ತೆರೆಯಲಾರದು. ಮೂರೂ ಊರಿನವರನ್ನು ಸೇರಿಸಿದರೆ ಒಂದು ತರಗತಿಯಾದೀತು. ವಾರದ ಪಾಠ ಆನ್‌ಲೈನ್‌ನಲ್ಲಿ ನಡೆಯಲಿ, ಪ್ರಾಯೋಗಿಕ ತರಗತಿ ಆಯಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿರಲಿ. ಉಚಿತ ತಂತ್ರಾಂಶಗಳಾದ ಸೈಲ್ಯಾಬ್, ಮ್ಯಾಕ್ಸಿಮಾ ಇದ್ದೇ ಇವೆ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ ಬಂದವರಿಗೆ ಎಪ್ಸಿಲಾನ್-ಡೆಲ್ಟಾ ವ್ಯಾಖ್ಯೆಯನ್ನು ಕನ್ನಡದಲ್ಲೂ ವಿವರಿಸುವ ಕೈಪಿಡಿಯೊಂದು ಬೇಕು. ನಿಮ್ಮ ವಿಶ್ವವಿದ್ಯಾಲಯಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಯ ಹೆಸರಿದೆ; ಕನ್ನಡದಲ್ಲೂ ವಿಜ್ಞಾನ ಕಲಿಸಬೇಕೆಂದು ಹಟ ಹಿಡಿದವರು ಅವರು.

ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಿ. ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಪಠ್ಯಕ್ರಮವನ್ನೂ ಮಾದರಿ ಪ್ರಶ್ನೆಪತ್ರಿಕೆಯನ್ನೂ ಪ್ರಕಟಿಸಿ. ಏನನ್ನು ಆಯ್ದುಕೊಳ್ಳುತ್ತಿದ್ದೇವೆ ಎಂಬುದು ಮಕ್ಕಳಿಗೆ ಗೊತ್ತಿರಲಿ.

ಇಂತಿ,
ಮಲೆನಾಡಿನ ಒಬ್ಬ ಗಣಿತಾಸಕ್ತ