16,520 ಸಾಕು, ಹತ್ತು ಲಕ್ಷದ ಲೆಕ್ಕ ಕೊಡಿ

ಮಿದುಳಿನಂತೆ ಕೆಲಸ ಮಾಡುವ ಆಕ್ಸೈಡ್ ಮೆಮೊರಿ ಚಿಪ್ಪಿನ ಕಾರ್ಖಾನೆ ನಮ್ಮ ತುಮಕೂರಿನ ವಸಂತನರಸಾಪುರಕ್ಕೆ ಬರಬೇಕೆಂದು ಅಂಕಣಕಾರ ಮಿತ್ರರೊಬ್ಬರು ಮೊನ್ನೆ ಬರೆದಿದ್ದಾರೆ. ಬೇಡ, ಈಗಂತೂ ಬೇಡ. ಗುಬ್ಬಿಗೆ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂತು, ತುಮಕೂರಿಗೆ ಮೆಟ್ರೊ ಬರುತ್ತದಂತೆ, ಇನ್ನು ಚಿಪ್ ಒಂದು ಯಾಕೆ ಬಾಕಿ ಎಂಬ ಆಸೆಯೇನೋ ಸಹಜವೇ. ಆದರೆ ಅವರು ನೆಚ್ಚಿಕೊಂಡಿರುವ ಅಂಕಿಯೇ ಬೇರೆ ಕಥೆಯದು.

ಆ ಅಂಕಿ 16,520. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತು ಸಂಗಡಿಗರು ಒಂದೇ ಮೆಮೊರಿ ಸಾಧನದಲ್ಲಿ ವಿದ್ಯುತ್ ಹರಿವಿನ ಅಷ್ಟು ಹಂತಗಳನ್ನು ತೋರಿಸಿ 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದರು. ಸಾಧನೆ ದೊಡ್ಡದೇ. ಆದರೆ ಅದು ಆಕ್ಸೈಡ್ ಅಲ್ಲ, ಅಣುಗಳ ತೆಳುಪದರ. ಜಾಲದ ಗಾತ್ರ 64×64, ಅಂದರೆ 4,096 ಕೋಶ.

ಆಕ್ಸೈಡಿನ ತಾಪತ್ರಯ ತಿಳಿಯಲು ಗುಬ್ಬಿ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಿ. ಬದು ಒಡೆದು ನೀರು ಬಿಡುತ್ತಾರೆ, ಆಮೇಲೆ ಒಂದು ಗುದ್ದಲಿ ಮಣ್ಣು ಹಾಕಿ ಮುಚ್ಚುತ್ತಾರೆ. ಮರುದಿನ ಅದೇ ಜಾಗದಲ್ಲಿ ಒಡೆದರೂ ನೀರು ನಿನ್ನೆಯ ಅಗಲಕ್ಕೇ ಹರಿಯುವುದಿಲ್ಲ, ಒಂದು ಬೆರಳು ಆಚೆಗೋ ಈಚೆಗೋ ಕೊರೆಯುತ್ತದೆ. ಹ್ಯಾಫ್ನಿಯಂ ಆಕ್ಸೈಡಿನ ಕೆಲವೇ ನ್ಯಾನೊಮೀಟರ್ ಪದರದಲ್ಲೂ ಇದೇ ಕಥೆ. ಆಕ್ಸಿಜನ್ ಬಿಟ್ಟುಹೋದ ಖಾಲಿ ಜಾಗಗಳು ಸಾಲುಗೂಡಿದರೆ ವಿದ್ಯುತ್ತಿಗೆ ದಾರಿ, ಸಾಲು ಕಡಿದರೆ ಅಡ್ಡಿ. ಪ್ರತಿ ಸಲವೂ ಆ ಸಾಲು ತುಸು ಬೇರೆ. ಸೊನ್ನೆ–ಒಂದು ಬರೆಯುವುದಿದ್ದರೆ ನಡೆಯುತ್ತದೆ. ಮಿದುಳಿನ ನರಗಳ ನಡುವಿನ ಸಂದುಗಳ ಹಾಗೆ ಸಣ್ಣ ಸಣ್ಣ ಹಂತಗಳಲ್ಲಿ ಕಲಿಯಬೇಕಾದರೆ ಆ ಬೆರಳಗಲವೇ ಮುಳುವು.

ಯಾರೂ ನೆನೆಯದ ಪೂರ್ವಕಥೆಯೊಂದಿದೆ. 2008ರಲ್ಲಿ ಎಚ್‌ಪಿ ಪ್ರಯೋಗಾಲಯದವರು, 1971ರಲ್ಲಿ ಲಿಯಾನ್ ಚುವಾ ಕಾಗದದ ಮೇಲೆ ಊಹಿಸಿದ್ದ ಮೆಮ್ರಿಸ್ಟರ್, ಅಂದರೆ ಹರಿದ ವಿದ್ಯುತ್ತನ್ನು ನೆನಪಿಡುವ ರೋಧಕ, ಟೈಟಾನಿಯಂ ಆಕ್ಸೈಡಿನಲ್ಲಿ ಸಿಕ್ಕಿತೆಂದು ಸಾರಿದರು. 2010ರಲ್ಲಿ ಮೆಮೊರಿ ಚಿಪ್ ತಯಾರಕ ಹೈನಿಕ್ಸ್ ಜತೆ ಒಪ್ಪಂದವಾಯಿತು. 2013ರ ಹೊತ್ತಿಗೆ ಮಾರುಕಟ್ಟೆಗೆ ಎಂಬ ಮಾತಿತ್ತು, ಬರಲಿಲ್ಲ. ಅದೇ 2013ರಲ್ಲಿ ಸದ್ದಿಲ್ಲದೆ ಮಾರಾಟಕ್ಕೆ ಇಟ್ಟದ್ದು ಪ್ಯಾನಸೋನಿಕ್, ಟ್ಯಾಂಟಲಂ ಆಕ್ಸೈಡಿನ ಮೆಮೊರಿಯಿದ್ದ ಪುಟ್ಟ ಮೈಕ್ರೊಕಂಟ್ರೋಲರ್. ಅದಕ್ಕೆ ಮಿದುಳಿನ ಗೊಡವೆಯೇ ಇರಲಿಲ್ಲ. 2022ರಲ್ಲಿ ಇನ್ಫಿನಿಯಾನ್, ಟಿಎಸ್‌ಎಂಸಿ ಕೂಡಿ ಕಾರಿನ ಚಿಪ್ಪಿಗೆ ಇಂಥ ಮೆಮೊರಿಯನ್ನು ತರುತ್ತೇವೆಂದಾಗಲೂ ಫ್ಲ್ಯಾಶ್ ಮೆಮೊರಿಯ ಜಾಗ ತುಂಬುವುದಷ್ಟೇ ಉದ್ದೇಶ.

ಸಾವಿರಕ್ಕೊಂದು ಕೋಶ ಕೆಟ್ಟರೆ 4,096ರಲ್ಲಿ ನಾಲ್ಕು ಹೋಗುತ್ತವೆ, ಪ್ರಬಂಧಕ್ಕೆ ಅಡ್ಡಿಯಿಲ್ಲ. ನೂರು ಕೋಟಿ ಕೋಶದ ಚಿಪ್ಪಿನಲ್ಲಿ ಹೋಗುವುದು ಹತ್ತು ಲಕ್ಷ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎಷ್ಟು ಹಂತ ಎಂಬುದಲ್ಲ. ಹತ್ತು ಲಕ್ಷ ಸಲ ಬರೆದು ಅಳಿಸಿದ ಮೇಲೆ ಅದೇ ಹಂತಕ್ಕೆ ಮರಳುತ್ತದೆಯೇ? 85 ಡಿಗ್ರಿ ಬಿಸಿಯಲ್ಲಿ ಹತ್ತು ವರ್ಷ ನೆನಪು ಉಳಿಯುತ್ತದೆಯೇ? ಇಂಥ ಚಿಪ್ಪುಗಳ ಪತ್ರಿಕಾಗೋಷ್ಠಿಗಳಲ್ಲಿ ಇದನ್ನು ಕೇಳಿದವರನ್ನು ನಾನಂತೂ ಕಂಡಿಲ್ಲ.

ಗುಜರಾತಿನ ಧೊಲೇರಾದ ಚಿಪ್ ಕಾರ್ಖಾನೆಗೆ 91,000 ಕೋಟಿ ರೂಪಾಯಿ. ನಮ್ಮ ಜಿಲ್ಲೆಗೆ ಆ ಹುಚ್ಚು ಬೇಡ. ಬೆಂಗಳೂರಿನ ಪ್ರಯೋಗಾಲಯಗಳಿಂದ ತುಮಕೂರು 70 ಕಿಲೊಮೀಟರ್. ಅಲ್ಲಿ ತಯಾರಾದ ಕೋಶಗಳನ್ನು ಇಲ್ಲಿ ಬೇಯಿಸಿ, ಬರೆದು, ಅಳಿಸಿ, ಸತ್ತವೆಷ್ಟು ಎಂದು ಎಣಿಸಿ, ಸೋತ ಲೆಕ್ಕವನ್ನೂ ಮುಚ್ಚಿಡದೆ ಪ್ರಕಟಿಸುವ ಪರೀಕ್ಷಾ ಕೇಂದ್ರ ಕೇಳೋಣ. ಕುಣಿಗಲ್, ಗುಬ್ಬಿಯಿಂದ ದಿನಾ ಬಸ್ಸು ಹತ್ತಿ ಎಂಜಿನಿಯರಿಂಗ್ ಓದಲು ಬರುವ ಹುಡುಗ–ಹುಡುಗಿಯರಿಗೆ ಅಲ್ಲಿ ಕೈತುಂಬ ಕೆಲಸವಿರುತ್ತದೆ. ಶುರುಮಾಡಲು ಒಂದು ಕಾಲೇಜಿನ ಒಂದು ಮಹಡಿ ಸಾಕು.